ಬೀಜಗಣಿತಕ್ಕೆ ಮುಂಚಿನ ವರ್ಷ

ಎರಡು ಕೈಯಲ್ಲಿ ಎರಡು ಪುಸ್ತಕ ಹಿಡಿದುಕೊಂಡು ರೊಶೆಲ್ ಚರ್ಚಿನ ನೆಲಮಾಳಿಗೆಯಲ್ಲಿ ನಿಂತು ಕಾಲು ಗಂಟೆಯಾಗಿತ್ತು. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಸುತ್ತಮುತ್ತಲ ಸಂಸಾರದವರೆಲ್ಲ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಓದಿ ಮುಗಿಸಿದ ಪುಸ್ತಕಗಳನ್ನು ಅಲ್ಲಿ ಮೇಜಿನ ಮೇಲೆ ಹರಡುತ್ತಿದ್ದರು. ಚರಿತ್ರೆ, ವ್ಯಾಕರಣದ ಮೇಜುಗಳ ಹತ್ತಿರ ಅವಳಿಗೆ ಅಂಜಿಕೆಯಿರಲಿಲ್ಲ. ಗಣಿತದ ಮೇಜಿಗೆ ಬಂದಿದ್ದು ಇದೇ ಮೊದಲು. ಹಿಂದೆಲ್ಲ ಅದು ಗಂಡ ಕರ್ಟ್‌ನ ಕೆಲಸ. ಕರ್ಟ್ ಕಾಯಿಲೆಯಿಂದ ಫೆಬ್ರುವರಿಯಲ್ಲಿ ತೀರಿಕೊಂಡಿದ್ದ.

"ಆ ಬಣ್ಣದ ಪುಸ್ತಕ ಬೇಡಮ್ಮ," ಎಂದಳು ಮೇಜಿನಾಚೆ ಕೂತಿದ್ದ ದಪ್ಪ ಹೆಂಗಸು. "ನನ್ನ ಮಗಳು ಅದರ ಮೇಲೆ ಒಂದು ವರ್ಷ ಅತ್ತಿದ್ದಾಳೆ. ಬೇಕಾದ್ರೆ ಹಿಂಡಿ ನೋಡು, ಇನ್ನೂ ನೀರು ಬರುತ್ತೆ."

"ನಿನ್ನ ಮಗಳು ಯಾವುದಕ್ಕೆ ಅಳಲ್ಲ ಹೇಳು!" ಪಕ್ಕದವಳು ನಕ್ಕಳು. "ರೊಶೆಲ್, ನಿನ್ನ ಹುಡುಗಿ ಎಲ್ಲಿವರೆಗೆ ಬಂದಿದ್ದಾಳೆ?"

"ಹನ್ನೆರಡು ವರ್ಷ. ಬೀಜಗಣಿತಕ್ಕೆ ಮುಂಚಿನ ವರ್ಷದ್ದು ಬೇಕು. ಭಿನ್ನರಾಶಿ ಎಲ್ಲ ಅವರಪ್ಪ ಮುಗಿಸಿದ್ದ."

"ಹಾಗಾದ್ರೆ ದಪ್ಪದ್ದು ತಗೋ. ಚಿತ್ರಗಿತ್ರ ಏನಿಲ್ಲ, ಒಣರೊಟ್ಟಿ ಇದ್ದ ಹಾಗೆ. ಆದ್ರೆ ಹೊಟ್ಟೆ ತುಂಬುತ್ತೆ."

ರೊಶೆಲ್ ದಪ್ಪದ್ದನ್ನೇ ತಗೊಂಡಳು. ಗಣಿತ ಅವಳ ಪಾಲಿಗೆ ಮೊದಲಿನಿಂದಲೂ ಕಬ್ಬಿಣದ ಕಡಲೆ. ಒಂಬತ್ತನೇ ತರಗತಿಯ ಮೇಷ್ಟ್ರು ಉತ್ತರಪತ್ರಿಕೆಗಳನ್ನು ಹೆಚ್ಚು ಅಂಕದವರಿಂದ ಶುರುಮಾಡಿ ಒಬ್ಬೊಬ್ಬರನ್ನೇ ಕರೆದು ಕೊಡುತ್ತಿದ್ದರು. ರೊಶೆಲ್ ಕೊನೆಯವರೆಗೂ ಕೂತಿರುತ್ತಿದ್ದಳು. ಆಮೇಲೆ ಅವಳು ಗಣಿತದ ಕಡೆ ತಲೆಹಾಕಲಿಲ್ಲ. ಮಗಳನ್ನು ಮನೆಯಲ್ಲೇ ಓದಿಸಬೇಕೆಂದು ಹಟ ಹಿಡಿದವನು ಕರ್ಟ್. ಅವನು ಕಾಲುವೆ ಕಂಪನಿಯಲ್ಲಿ ತೂಬು ತೆರೆದು, ಯಾವ ಹೊಲಕ್ಕೆ ಎಷ್ಟು ನೀರು ಎಂದು ಅಳೆದು ಬಿಡುವವನು. "ನೆಲ ಸಮ ಮಾಡದೆ ನೀರು ಬಿಟ್ರೆ ಒಂದು ಕಡೆ ಕೊಳೆಯುತ್ತೆ, ಇನ್ನೊಂದು ಕಡೆ ಒಣಗುತ್ತೆ. ಬೀಜಗಣಿತಕ್ಕೆ ಅವಸರ ಬೇಡ," ಅನ್ನುತ್ತಿದ್ದ.

ಪುಸ್ತಕದ ಮೊದಲಲ್ಲೇ, ಮಗು ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲು ಐವತ್ತು ಲೆಕ್ಕಗಳ ಪರೀಕ್ಷೆಯಿತ್ತು. ಸೋಮವಾರ ಅಡುಗೆಮನೆಯ ಮೇಜಿನ ಮುಂದೆ ಕೂತು ಮಗಳು ಮಾರ್ನಿ ಅದನ್ನು ಬರೆದಳು. ಕೂಡಿ ಕಳೆಯುವುದು, ಗುಣಾಕಾರ, ಉದ್ದುದ್ದ ಭಾಗಾಕಾರ ಎಲ್ಲ ಚೊಕ್ಕವಾಗಿತ್ತು. ಹತ್ತೊಂಬತ್ತನೇ ಲೆಕ್ಕದಲ್ಲಿ ಭಿನ್ನರಾಶಿ ಬಂದಿತು. ಅಲ್ಲಿಂದ ಮುಂದೆ ಒಂದೂ ಸರಿಯಿರಲಿಲ್ಲ. ಅರ್ಧಕ್ಕೆ ಮೂರನೇ ಒಂದು ಕೂಡಿಸು ಎಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಐದನೇ ಎರಡು ಎಂದು ಬರೆದಿದ್ದಳು.

ರೊಶೆಲ್ ಉತ್ತರಗಳ ಪುಟದೊಡನೆ ಎರಡು ಸಲ ತಾಳೆ ನೋಡಿದಳು. ಕಪಾಟಿನಿಂದ ಹಳೆಯ ವರ್ಷದ ಪುಸ್ತಕ ತೆಗೆದಳು. ಪ್ರತಿ ಪಾಠದ ತಲೆಯ ಮೇಲೆ ತಾರೀಖು, ಪಕ್ಕದಲ್ಲಿ ಪೆನ್ಸಿಲ್ಲಿನ ಸರಿ ಗುರುತು. ಅಕ್ಟೋಬರ್, ನವೆಂಬರ್, ಡಿಸೆಂಬರ್. ಜನವರಿ ಕೊನೆಯವರೆಗೂ ಒಂದು ದಿನ ಬಿಟ್ಟಿರಲಿಲ್ಲ.

"ಇದೆಲ್ಲ ಮಾಡಿದ್ದೀಯಲ್ಲೇ?"

"ಮರೆತುಹೋಯ್ತು," ಎಂದಳು ಮಾರ್ನಿ.

ಅಪ್ಪನನ್ನು ಕಳೆದುಕೊಂಡ ಮಗು, ಮರೆತಿರಬಹುದು ಎಂದುಕೊಂಡಳು ರೊಶೆಲ್. ಭಿನ್ನರಾಶಿಯನ್ನು ಬೇಗ ಬೇಗ ಮೆಲುಕು ಹಾಕಿಸುವ ಅಭ್ಯಾಸಪುಸ್ತಕವೊಂದನ್ನು ತರಿಸಿದಳು. ಹುಡುಗಿ ನಿಯಮ ಉರುಹೊಡೆದು ಒಪ್ಪಿಸಿದಳು, ಮರುವಾರ ನಿಯಮವೂ ಇಲ್ಲ ಲೆಕ್ಕವೂ ಇಲ್ಲ. ಯಾರೋ ವಿಡಿಯೊ ಪಾಠ ಒಳ್ಳೆಯದೆಂದರು, ಅದನ್ನೂ ತರಿಸಿದಳು. ಪರದೆಯೊಳಗಿನ ಮೇಷ್ಟ್ರು ನಗುನಗುತ್ತಾ ಹೇಳಿಕೊಡುತ್ತಿದ್ದರು, ಮಾರ್ನಿ ಕಿಟಕಿಯಾಚೆಗಿನ ಬೀಟ್ ಗೆಡ್ಡೆಯ ಹೊಲ ನೋಡುತ್ತಿದ್ದಳು. ಆಮೇಲೆ ಆಟದ ಇಸ್ಪೀಟೆಲೆಗಳು, ಬಣ್ಣದ ಪ್ಲಾಸ್ಟಿಕ್ ತುಂಡುಗಳು ಬಂದವು. ಏನು ತಂದರೂ ತಳವಿಲ್ಲದ ಬಿಂದಿಗೆಗೆ ನೀರು ಹೊಯ್ದಂತೆ. ಜುಲೈ ಬರುವಷ್ಟರಲ್ಲಿ ಮೇಜಿನ ಮೇಲೆ ಐದು ಬಗೆಯ ಗಣಿತ ರಾಶಿ ಬಿದ್ದಿತ್ತು, ತಾಯಿಮಗಳ ನಡುವೆ ಮಾತು ಕಡಮೆಯಾಗಿತ್ತು.

"ಅಪ್ಪ ಇಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದನ್ನ ಹಾಳು ಮಾಡ್ಕೋತಿದ್ದೀಯ," ಎಂದು ಒಂದು ಬೆಳಿಗ್ಗೆ ರೊಶೆಲ್ ಗದರಿಬಿಟ್ಟಳು. ಮಾರ್ನಿ ಪೆನ್ಸಿಲ್ ಕೆಳಗಿಟ್ಟು ಕೈಗಳನ್ನು ತೊಡೆಯಡಿ ಸೇರಿಸಿಕೊಂಡು ಕೂತಳು.

ಆ ಭಾನುವಾರ ಗ್ವೆನ್ ಊಟಕ್ಕೆ ಬಂದಳು. ಗ್ವೆನ್ ಕರ್ಟ್‌ನ ಅಕ್ಕ. ಊರಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಕಲಿಸುತ್ತಿದ್ದವಳು. ತಮ್ಮನು ತನ್ನ ಮಗಳನ್ನು ಮನೆಯಲ್ಲಿ ಓದಿಸಿದ್ದು ಅವಳಿಗೆ ಯಾವತ್ತೂ ಒಪ್ಪಿಗೆಯಾಗಿರಲಿಲ್ಲ. ಅಕ್ಕತಮ್ಮಂದಿರು ಅದರ ಮೇಲೆ ಕೀಟಲೆ ಮಾಡಿಕೊಳ್ಳುತ್ತಿದ್ದರೇ ಹೊರತು ಜಗಳವಾಡಿರಲಿಲ್ಲ. ಮಾಂಸ, ಆಲೂಗಡ್ಡೆ ಬಡಿಸಿದ ಮೇಲೆ ಅವಳ ಕಣ್ಣು ಪುಸ್ತಕದ ರಾಶಿಯ ಮೇಲೆ ಬಿತ್ತು.

"ಇದೇನು ರೊಶೆಲ್, ಅಂಗಡಿ ಇಡ್ತೀಯಾ?"

ರೊಶೆಲ್ ಇದ್ದದ್ದನ್ನು ಹೇಳಿದಳು. ಗ್ವೆನ್ ಪರೀಕ್ಷೆಯ ಹಾಳೆ ತರಿಸಿ ನೋಡಿದಳು. ಕರ್ಟ್‌ನ ಹಳೆಯ ಪುಸ್ತಕವನ್ನೂ ತಿರುವಿದಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಇದು ಮರೆತಿದ್ದಲ್ಲ. ಮರೆತವರು ಅರ್ಧಂಬರ್ಧ ತಪ್ಪು ಮಾಡ್ತಾರೆ. ಇವಳಿಗೆ ಬುಡದಿಂದಲೇ ಗೊತ್ತಿಲ್ಲ." ಗ್ವೆನ್ ಧ್ವನಿ ತಗ್ಗಿಸಿದಳು. "ಆಗ ಕರ್ಟ್ ಎಷ್ಟೊಂದು ಔಷಧಿ ತಗೋತಿದ್ದ. ತಲೆ ನೆಟ್ಟಗಿರಲಿಲ್ಲ. ಏನು ಹೇಳಿಕೊಟ್ಟನೋ, ಹೇಗೆ ಹೇಳಿಕೊಟ್ಟನೋ. ಆ ಸ್ಥಿತೀಲಿ ಅವನು ಪಾಠ ಮಾಡಬಾರದಿತ್ತು, ರೊಶೆಲ್. ಮಗೂನ ಆಗಸ್ಟಿಗೆ ಶಾಲೆಗೆ ಹಾಕು."

ಮಾರ್ನಿ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

"ಅಪ್ಪ ತಪ್ಪು ಹೇಳಿಕೊಡ್ಲಿಲ್ಲ! ಅಪ್ಪನ್ನ ಏನೂ ಅನ್ಬೇಡಿ ಅತ್ತೆ. ಮಾಡಿದ್ದು ನಾನು."

"ಏನು ಮಾಡ್ದೆ?" ಎಂದಳು ರೊಶೆಲ್.

"ಗುರುತು ಹಾಕಿದ್ದು ನಾನು."

ಮೊದಲು ತಡೆತಡೆದು, ಆಮೇಲೆ ಒಂದೇ ಉಸಿರಿಗೆ ಹೇಳಿದಳು. ರೊಶೆಲ್ ಬೆಳಿಗ್ಗೆ ಪಶುವೈದ್ಯರ ಆಸ್ಪತ್ರೆಯ ಕೆಲಸಕ್ಕೆ ಹೋದಮೇಲೆ, ಹತ್ತು ಗಂಟೆಗೆ ಅಪ್ಪಮಗಳು ಸೋಫಾದ ಮೇಲೆ ಪುಸ್ತಕ ತೆರೆದು ಕೂರುತ್ತಿದ್ದರು. ಅಪ್ಪ ಶುರುಮಾಡುತ್ತಿದ್ದ. ಎರಡು ಮಾತು, ಮೂರು ಮಾತು. ನಾಲ್ಕನೆಯದರ ನಡುವೆ ಕಣ್ಣು ಮುಚ್ಚಿಹೋಗುತ್ತಿತ್ತು. ರಾತ್ರಿಯೆಲ್ಲ ನೋವಿನಲ್ಲಿ ಎಚ್ಚರವಿರುತ್ತಿದ್ದವನನ್ನು ಎಬ್ಬಿಸಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಅಲುಗಾಡದೆ ಪಕ್ಕದಲ್ಲೇ ಕೂತಿರುತ್ತಿದ್ದಳು.

"ಹನ್ನೊಂದು ಗಂಟೆಗೆ ಎದ್ದು 'ಎಲ್ಲಿಗೆ ಬಂತು ಮಗಾ?' ಅಂತ ಕೇಳ್ತಿದ್ದ. ನಾನು 'ಮುಗೀತಪ್ಪ' ಅಂತಿದ್ದೆ. 'ಅರ್ಥ ಆಯ್ತಾ?' 'ಆಯ್ತು.' ಅಷ್ಟಕ್ಕೆ ಎಷ್ಟು ಖುಷಿಪಡ್ತಿದ್ದ ಗೊತ್ತಾಮ್ಮ? ಇವತ್ತೂ ಕೆಲಸ ಮಾಡಿದ್ವಿ ಅಂತ. ಅದಕ್ಕೆ ಗುರುತು ಹಾಕ್ತಾ ಹೋದೆ. ಆಮೇಲೆ... ಆಮೇಲೆ ನಿಜ ಹೇಳೋಕೆ ಆಗ್ಲಿಲ್ಲ."

ಗ್ವೆನ್ ಎದ್ದು, ಇನ್ನೂ ಊಟ ಮುಗಿಯದ ತಟ್ಟೆಗಳನ್ನು ಎತ್ತಿಕೊಂಡು ಸಿಂಕಿನ ಹತ್ತಿರ ಹೋಗಿ ಅವರಿಗೆ ಬೆನ್ನುಮಾಡಿ ನಿಂತಳು. ನಲ್ಲಿ ಬಿಟ್ಟಳು. ಒಂದೇ ತಟ್ಟೆಯನ್ನು ಬಹಳ ಹೊತ್ತು ತೊಳೆದಳು.

ರೊಶೆಲ್ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಮಗಳನ್ನು ಕೂರಿಸಿದಳು. ಆ ಚಳಿಗಾಲದ ಮಧ್ಯಾಹ್ನಗಳು ಅವಳಿಗೆ ನೆನಪಾದವು. ಕೆಲಸದಿಂದ ಬಂದವಳೇ ಪುಸ್ತಕ ತೆರೆದು ಗುರುತು ನೋಡುತ್ತಿದ್ದಳು. ಗುರುತಿದೆ, ಅಂದರೆ ಇವತ್ತಿನ ದಿನ ಕೆಟ್ಟದ್ದಲ್ಲ, ಅಂದರೆ ಕರ್ಟ್ ಇನ್ನೂ ಇದ್ದಾನೆ. ಗುರುತಿನ ಕೆಳಗೆ ಮಗಳು ಬಿಡಿಸಿದ ಒಂದು ಲೆಕ್ಕವೂ ಇಲ್ಲದ್ದು ಕಣ್ಣಿಗೆ ಬೀಳಲಿಲ್ಲವೇ? ಬಿದ್ದಿತ್ತು.

"ಲೆಕ್ಕ ಇಲ್ಲದ್ದು ಕಂಡರೂ ನಾನು ಕೇಳ್ಲಿಲ್ಲ ಮಾರ್ನಿ," ಎಂದಳು. "ಕೇಳೋ ಧೈರ್ಯ ನನಗೂ ಇರ್ಲಿಲ್ಲ."

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿಲ್ಲ ಕಂದ. ನಂಗೆ ನಿಜವಾಗ್ಲೂ ಗೊತ್ತಿಲ್ಲ."

ಗ್ವೆನ್ ಹೊರಡುವಾಗ ಶಾಲೆಯ ಮಾತನ್ನು ಮತ್ತೆ ಎತ್ತಲಿಲ್ಲ. ರೊಶೆಲ್ಲೇ ಕಾರಿನವರೆಗೆ ಹೋಗಿ ಎತ್ತಿದಳು. "ಒಂದು ವರ್ಷ ಕೊಡು ಗ್ವೆನ್. ಈ ವಿಷಯ ಹೀಗೇ ಬಿಟ್ಟು ಅವಳು ತರಗತೀಲಿ ನಲವತ್ತು ಜನರ ಮುಂದೆ ಕೂತ್ರೆ, ನನ್ನ ಹಾಗೇ ಆಗ್ತಾಳೆ. ಆದ್ರೆ ಏನು ಮಾಡ್ಬೇಕು ಅಂತ ನನಗೆ ಗೊತ್ತಿಲ್ಲ. ನೀನು ಹೇಳು."

ಮಂಗಳವಾರ ಗ್ವೆನ್ ಬಂದವಳು ಮೇಜಿನ ರಾಶಿಯನ್ನು ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿದಳು. ಆ ದಪ್ಪ ಪುಸ್ತಕವೊಂದನ್ನು ಮಾತ್ರ ಮೇಜಿನ ಮೇಲೆ ಬಿಟ್ಟಳು.

"ಇದು ಒಳ್ಳೇದೇ. ಇನ್ನು ಪುಸ್ತಕ ಬದಲಾಯಿಸ್ಬೇಡ. ದಿನಾ ಒಂದು ಅಗಸೆ ಬಾಗಿಲು ಹುಡುಕ್ತಾ ಹೋದ್ರೆ ಊರೊಳಗೆ ಹೋಗೋದು ಯಾವಾಗ? ಋಣಸಂಖ್ಯೆ, ಕೋನ, ವಿಸ್ತೀರ್ಣ ಇದರಿಂದ ಮಾಡಿಸು. ಅದಕ್ಕೆ ಅವಳು ತಯಾರಿದ್ದಾಳೆ. ಭಿನ್ನರಾಶಿಗೆ ಮಾತ್ರ ಇದು." ಚೀಲದಿಂದ ಒಂದು ತೆಳ್ಳಗಿನ ಪುಸ್ತಕ ತೆಗೆದಳು. ಮುಖಪುಟದ ಮೇಲೆ ದೊಡ್ಡದಾಗಿ ನಾಲ್ಕನೇ ತರಗತಿ ಎಂದಿತ್ತು. ಗ್ವೆನ್ ಮುಖಪುಟವನ್ನು ಪರ್ರನೆ ಹರಿದು ಒಲೆಯ ಪಕ್ಕದ ಕಸದ ಬುಟ್ಟಿಗೆ ಹಾಕಿದಳು. "ದಿನಕ್ಕೆ ಎರಡೇ ಪುಟ. ಮತ್ತೆ ರೊಶೆಲ್, ನೀನೂ ಮಾಡ್ಬೇಕು."

"ನಾನಾ?"

"ನೀನಲ್ದೆ ನಾನಾ? ಉತ್ತರದ ಪುಟ ಹಿಡ್ಕೊಂಡು ಕಾವಲು ಕೂತ್ರೆ ಮಗು ಏನು ಕಲಿಯುತ್ತೆ?"

ರೊಶೆಲ್ ಕೆಲಸವನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡಳು. ಬೆಳಿಗ್ಗೆ ಹತ್ತಕ್ಕೆ ತಾಯಿಮಗಳು ಎದುರುಬದುರು ಕೂತು ಒಂದೇ ಲೆಕ್ಕವನ್ನು ತಂತಮ್ಮ ನೋಟ್‌ಬುಕ್ಕಿನಲ್ಲಿ ಮಾಡತೊಡಗಿದರು. ಮೊದಮೊದಲು ರೊಶೆಲ್‌ಳ ಕೈ ಬೆವರುತ್ತಿತ್ತು. ಮೂರನ್ನು ಅರ್ಧದಿಂದ ಭಾಗಿಸು ಎಂದಿದ್ದ ದಿನ ಅವಳು ಒಂದೂವರೆ ಎಂದು ಬರೆದಳು.

"ಅಮ್ಮಾ, ಆರು ಅಂತೆ! ಹಿಂದೆ ಉತ್ತರ ನೋಡ್ದೆ."

"ಭಾಗಿಸಿದ್ರೆ ಹೆಚ್ಚಾಗೋದು ಹೇಗೆ? ಪುಸ್ತಕ ತಪ್ಪಿರಬೇಕು."

ಇಬ್ಬರೂ ಅದನ್ನೇ ನೋಡುತ್ತಾ ಕೂತರು. ಮಾರ್ನಿ ತಲೆಯೆತ್ತಿದಳು. "ನಿನ್ನ ಆಸ್ಪತ್ರೇಲಿ ಮೂರು ಮಾತ್ರೆ ಇದೆ. ನಾಯಿಗೆ ದಿನಕ್ಕೆ ಅರ್ಧ ಕೊಡ್ಬೇಕು. ಎಷ್ಟು ದಿನ ಬರುತ್ತೆ?"

"ಆರು ದಿನ," ಎಂದಳು ರೊಶೆಲ್ ಯೋಚಿಸದೆಯೇ. ದಿನಕ್ಕೆ ಹತ್ತು ಸಲ ಜನಕ್ಕೆ ಹೇಳುವ ಮಾತದು. ಹೇಳಿ ಬಾಯಿ ಮುಚ್ಚಿಕೊಂಡಳು.

ಮಾರ್ನಿ ನಕ್ಕಳು. ಫೆಬ್ರುವರಿಯಿಂದೀಚೆಗೆ ಆ ಮನೆಯಲ್ಲಿ ಕೇಳಿರದ ನಗು. ನಕ್ಕು, ನಕ್ಕದ್ದಕ್ಕೆ ಗಾಬರಿಯಾದವಳಂತೆ ತಾಯಿಯ ಮುಖ ನೋಡಿದಳು. ರೊಶೆಲ್ ಮುಂದಿನ ಲೆಕ್ಕದ ಮೇಲೆ ಬೆರಳಿಟ್ಟಳು.

ಎಲ್ಲ ದಿನವೂ ಹಾಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ವಾರ ಮಾರ್ನಿ ಪುಸ್ತಕ ಮುಟ್ಟಲೇ ಇಲ್ಲ. ತೆಳ್ಳಗಿನ ಪುಸ್ತಕ ಮುಗಿದ ಮೇಲೆ ನವೆಂಬರಿನಲ್ಲಿ ಅಪ್ಪನ ಪುಸ್ತಕಕ್ಕೇ ಹೋಗೋಣವೆಂದವಳು ಮಾರ್ನಿಯೇ. ತಾನು ಸುಳ್ಳು ಗುರುತು ಹಾಕಿದ ಪಾಠಗಳನ್ನು ಒಂದೊಂದಾಗಿ ಮಾಡುತ್ತಾ ಹೋದಳು. ಹಳೆಯ ಗುರುತುಗಳನ್ನು ಅಳಿಸಲಿಲ್ಲ. ಅರವತ್ತೊಂದನೇ ಪಾಠದಲ್ಲಿ ನಿಂತುಬಿಟ್ಟಳು. ಪುಟದಂಚಿನಲ್ಲಿ ಕರ್ಟ್ ನಡುಗುವ ಗೆರೆಗಳಲ್ಲಿ ಒಂದು ಕಾಲುವೆ ಬರೆದಿದ್ದ. ಅದಕ್ಕೆ ಎರಡು ತೂಬು. ಒಂದು ತೂಬು ಮೂರನೇ ಒಂದು ಪಾಲು ನೀರು ಒಯ್ಯುತ್ತದೆ, ಇನ್ನೊಂದು ನಾಲ್ಕನೇ ಒಂದು ಪಾಲು. ಮುಂದಿನ ಗೆರೆ ಬಾಗಿ ಕೆಳಗೆ ಜಾರಿತ್ತು.

"ಇಲ್ಲಿ ನಿದ್ದೆ ಬಂತು," ಎಂದಳು ಮಾರ್ನಿ. "ಪೆನ್ಸಿಲ್ ಕಂಬಳಿ ಮೇಲೆ ಬಿತ್ತು. ನಾನು ಎತ್ತಿಕೊಂಡೆ."

ರೊಶೆಲ್ ಆ ಜಾರಿದ ಗೆರೆಯ ಮೇಲಿಂದ ಕಣ್ಣು ಕೀಳಲಾರದೆ ಕೂತಳು. "ಇವತ್ತು ಬಿಡೋಣ್ವಾ?"

"ಬೇಡ." ಮಾರ್ನಿ ತನ್ನ ನೋಟ್‌ಬುಕ್ಕಿನಲ್ಲಿ ಬೇರೆ ಕಾಲುವೆ ಬರೆದಳು. ಅದನ್ನು ಹನ್ನೆರಡು ಪಾಲು ಮಾಡಿದಳು. ಒಂದು ತೂಬಿಗೆ ನಾಲ್ಕು, ಇನ್ನೊಂದಕ್ಕೆ ಮೂರು. "ಐದು ಉಳೀತು. ಹನ್ನೆರಡರಲ್ಲಿ ಐದು ಪಾಲು ಮುಂದಕ್ಕೆ ಹೋಗುತ್ತೆ."

ತಾಯಿಯೂ ಅಷ್ಟೇ ಬರೆದಿದ್ದಳು. ಆ ದಿನ ಅವರು ಮತ್ತೊಂದು ಲೆಕ್ಕ ಮಾಡಲಿಲ್ಲ. ಕೋಟು ಹಾಕಿಕೊಂಡು, ನೀರು ನಿಲ್ಲಿಸಿ ಒಣಗಿದ್ದ ಕಾಲುವೆಯ ದಂಡೆಯ ಮೇಲೆ ಮೊದಲ ತೂಬಿನವರೆಗೆ ನಡೆದು ಹೋಗಿ ಬಂದರು.

ಮುಂದಿನ ಮೇ ತಿಂಗಳಲ್ಲಿ ಗ್ವೆನ್ ತಾನೇ ಒಂದು ಪ್ರಶ್ನೆಪತ್ರಿಕೆ ಬರೆದು ತಂದಳು. ಐವತ್ತು ಲೆಕ್ಕ, ಅರ್ಧಕ್ಕರ್ಧ ಭಿನ್ನರಾಶಿ. ಮಾರ್ನಿಯ ಉತ್ತರಗಳನ್ನು ತಿದ್ದುವಾಗ ಅವಳ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ.

"ನಾಲ್ಕು ತಪ್ಪು," ಎಂದಳು.

"ಯಾವ ನಾಲ್ಕು?" ಮಾರ್ನಿ ಹಾಳೆ ಕಸಿದುಕೊಂಡಳು. ನೋಡಿ, ಒಂದಕ್ಕೆ ವಾದಕ್ಕಿಳಿದಳು. "ಇದು ಸರಿ ಇದೆ ಅತ್ತೆ. ನೀವೇ ಸರಿಯಾಗಿ ನೋಡಿಲ್ಲ."

ಗ್ವೆನ್ ಕನ್ನಡಕ ಹಾಕಿಕೊಂಡು ಮತ್ತೆ ನೋಡಿದಳು. "ಮೂರು ತಪ್ಪು," ಎಂದಳು. "ಕರ್ಟ್‌ನ ಮಗಳೇ, ಅನುಮಾನ ಇಲ್ಲ. ಬೀಜಗಣಿತ ಶುರು ಮಾಡ್ಬಹುದು."

ಊರಿನ ಶಾಲೆಯಲ್ಲಿ ಗಣಿತದ ಒಂದು ಗಂಟೆಗೆ ಮಾತ್ರ ಹೋಗಿಬರುತ್ತೇನೆಂದು ಮಾರ್ನಿ ಕೇಳಿದ್ದು ಅದೇ ಸಂಜೆ. ಉಳಿದದ್ದು ಮನೆಯಲ್ಲೇ. ರೊಶೆಲ್ ಬೇಡವೆನ್ನಲು ಕಾರಣ ಹುಡುಕಲಿಲ್ಲ.

ಆಗಸ್ಟಿನಲ್ಲಿ ಶಾಲೆ ಶುರುವಾದ ಮೊದಲ ದಿನ ಮಗಳನ್ನು ಶಾಲೆಯ ಬಾಗಿಲಲ್ಲಿ ಇಳಿಸಿ, ಟ್ರಕ್ಕನ್ನು ಎದುರಿನ ಮರದ ನೆರಳಿಗೆ ತಂದು ನಿಲ್ಲಿಸಿದಳು. ಒಂದು ಗಂಟೆಗೋಸ್ಕರ ಮನೆಗೆ ಹೋಗಿ ಬರುವುದು ವ್ಯರ್ಥ. ಗ್ವೆನ್‌ಳಿಂದ ಕೇಳಿ ಪಡೆದಿದ್ದ ಬೀಜಗಣಿತ ಪುಸ್ತಕದ ಇನ್ನೊಂದು ಪ್ರತಿಯನ್ನು ಸ್ಟೀರಿಂಗಿಗೆ ಒರಗಿಸಿ ಮೊದಲ ಪಾಠ ತೆರೆದಳು. ಮೊದಲ ಎರಡು ಲೆಕ್ಕ ಬಂದವು. ಮೂರನೆಯದು ತಿಳಿಯಲಿಲ್ಲ. ಒಂಬತ್ತನೇ ತರಗತಿಯ ಹಳೆಯ ಬೆವರು ಅಂಗೈಗೆ ಬಂದಿತು. ಅವಳು ಕೈ ಒರೆಸಿಕೊಂಡು, ಆ ಲೆಕ್ಕವನ್ನು ಇನ್ನೊಂದು ಸಲ ಮೊದಲಿನಿಂದ ಓದಿದಳು.