ಒಡ್ಡಿನ ಆಚೆ ತೇಲಿದ ಪುಕ್ಕ

ಕಲಘಟಗಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಅಬ್ದುಲಗನಿಗೆ ಮೀನಿನ ಹುಚ್ಚು ಹತ್ತಿದ್ದು ಗಾಳದ ದಾರ ಸುತ್ತುವ ಒಂದು ಕೆಟ್ಟ ರೀಲಿನಿಂದ. ಬಮ್ಮಿಗಟ್ಟಿ ಕಡೆಯ ಅಂಬಿಗರ ಹೊಳೆಪ್ಪ ಅದನ್ನು ಅರಿವೆಯಲ್ಲಿ ಸುತ್ತಿಕೊಂಡು ಅಂಗಡಿಗೆ ತಂದಿದ್ದ. ಹಿಂದೆ ಮೀನುಬೇಟೆಗೆ ಬರುತ್ತಿದ್ದ ರೈಲ್ವೆ ಸಾಹೇಬನೊಬ್ಬ ದೇಶ ಬಿಡುವಾಗ ಸೀಳುಬಿದಿರಿನ ಕೋಲು, ರೇಶಿಮೆ ದಾರ, ಈ ರೀಲು ಎಲ್ಲವನ್ನೂ ಅವನಿಗೇ ಬಿಟ್ಟುಹೋಗಿದ್ದನಂತೆ. ಗನಿ ರೀಲು ಬಿಚ್ಚಿ ಎಣ್ಣೆ ಬಿಟ್ಟು ತಿರುಗಿಸಿ ತೋರಿಸಿದ.

"ಕೂಲಿ ಬ್ಯಾಡ್ರಿ ಕಾಕಾ. ಇದರಲೆ ಮೀನ ಹಿಡಿಯೂದು ಕಲಸ್ರಿ."

ಹಾಗೆ ಶುಕ್ರವಾರದ ನಮಾಜು ಮುಗಿಸಿ ಹೊಳೆಪ್ಪನ ಊರಿನ ಕೆರೆಗೆ ಬಸ್ಸು ಹತ್ತುವ ರೂಢಿ ಬಿತ್ತು. ಹೊಳೆಪ್ಪನ ವಿದ್ಯೆಯಲ್ಲಿ ಎರೆಹುಳಕ್ಕೆ ಜಾಗವಿರಲಿಲ್ಲ. ಬೆಂಡಿನ ತುಣುಕಿಗೆ ಹುಂಜದ ಪುಕ್ಕ ಕಟ್ಟಿ, ಒಳಗೆ ಗಾಳ ಅಡಗಿಸಿ, ಕಪ್ಪೆಮರಿ ಜಿಗಿದಂತೆ ನೀರಿನ ಮೇಲೆ ಇಳಿಸಬೇಕು. ಕೊರವ ಮೀನು ಕೆಳಗಿನಿಂದ ಬಂದು ಬಾಯಿ ಹಾಕಬೇಕು. ಪುಕ್ಕ ಕಟ್ಟುವುದು ಗನಿಯ ಕೈಗೆ ಬೇಗ ಒಲಿಯಿತು. ಒಗೆಯುವುದು ಒಲಿಯಲಿಲ್ಲ. ದಾರ ಒಮ್ಮೆ ಜಾಲಿಗೆ ಸಿಕ್ಕರೆ ಇನ್ನೊಮ್ಮೆ ಅವನ ಕೊರಳಿಗೇ ಸುತ್ತಿಕೊಳ್ಳುತ್ತಿತ್ತು.

"ಜೋರ ಮಾಡಬ್ಯಾಡಲೇ ತಮ್ಮಾ. ದಾರ ಬೆನ್ನ ಹಿಂದ ಪೂರಾ ಬಿಚ್ಚಲಿ, ಆಮ್ಯಾಲ ಕೈ ಮುಂದ ತಗೊ. ಪುಕ್ಕ ಕುಂತಮ್ಯಾಲ ಅಲಗಾಡಸಬ್ಯಾಡ. ನೀರ ಏನ ಮಾಡತೈತಿ, ಅದನ್ನ ನೋಡು."

ಎಪ್ಪತ್ತೈದರ ಭಾದ್ರಪದದಲ್ಲಿ ಮಳೆ ಬಿಡದೆ ಹೊಡೆದು ಕೆರೆ ಒಡ್ಡಿನ ಅಂಚಿಗೆ ಬಂದು ನಿಂತಿತ್ತು. ಆ ಶುಕ್ರವಾರ ಮಾತ್ರ ಮಳೆ ಹೊಳವಾಗಿತ್ತು. ಒಡ್ಡಿನ ಬುಡದಲ್ಲೇ ಹೊಳೆಪ್ಪನ ಓಣಿ. ಅವನ ಹೆಂಡತಿ ರೇವವ್ವ ರೊಟ್ಟಿಯ ಗಂಟು ತಂದುಕೊಟ್ಟು, ಹೋಗದೆ ನಿಂತಳು.

"ಹಿತ್ತಲದಾಗ ನೀರ ಒಸರಾಕತ್ತೈತಿ. ಒಲಿ ಹತ್ತವಲ್ದು."

"ಮಳಿಗಾಲ. ಒಸರದ ಏನ ಮಾಡತೈತಿ?" ಎಂದ ಹೊಳೆಪ್ಪ. ಅವನ ಕಣ್ಣು ಹಳೆಯ ತೂಬಿನ ಹತ್ತಿರವೇ ಇತ್ತು. ಹೋದ ವರ್ಷ ದಾರ ಹರಿದುಕೊಂಡು ಹೋದ ದೊಡ್ಡ ಕೊರವ ಅಲ್ಲೇ ಇದೆಯೆಂದು ಅವನ ನಂಬಿಕೆ.

ಅಂದು ಒಂದು ಮೀನೂ ಮೇಲೇಳಲಿಲ್ಲ. ದಂಡೆಯಲ್ಲಿ ಬೆಳ್ಳಕ್ಕಿಗಳೂ ಇರಲಿಲ್ಲ. ಗನಿ ತೂಬಿನ ಕಡೆಗೆ ಒಗೆದ. ದಾರ ಮೊದಲ ಸಲ ನೆಟ್ಟಗೆ ಬಿಚ್ಚಿಕೊಂಡು ಹೋಯಿತು, ಪುಕ್ಕ ಸದ್ದಿಲ್ಲದೆ ಕುಳಿತಿತು. "ಭೇಷ್!" ಎಂದ ಹೊಳೆಪ್ಪ. ಆದರೆ ಗನಿಗೆ ಖುಷಿಯಾಗಲಿಲ್ಲ.

"ಕಾಕಾ, ಗಾಳಿ ನಮ್ಮ ಬೆನ್ನಿಗೆ ಐತ್ರಿ. ಪುಕ್ಕ ಆ ಕಡೆ ಹೋಗಬೇಕಿತ್ತು. ಇದ್ಯಾಕ ನಮ್ಮ ಕಡೆ ಬರಾಕತ್ತೈತಿ?"

"ನೀ ದಾರ ಎಳದಿರಬೇಕು."

ದಾರ ಸಡಿಲಾಗಿಯೇ ಇತ್ತು. ಪುಕ್ಕದ ಸುತ್ತ ಒಂದೆರಡು ಜಾಲಿಕಾಯಿಯ ಸಿಪ್ಪೆಗಳೂ ಮೆಲ್ಲಗೆ ಸುತ್ತುತ್ತ ಒಡ್ಡಿನ ಕಲ್ಲಿನ ಹತ್ತಿರ ಬಂದವು. ಆಮೇಲೆ ಪುಕ್ಕ ಮುಳುಗಿತು. ಬಾಯಿ ಕಾಣಲಿಲ್ಲ, ನೀರು ಸಿಡಿಯಲಿಲ್ಲ.

"ಹತ್ತಿತು! ತಾ ಇಲ್ಲೆ!" ಹೊಳೆಪ್ಪ ಕೋಲು ಕಸಿದುಕೊಂಡು ಕಲ್ಲಿನಿಂದ ಕಲ್ಲಿಗೆ ಇಳಿದ. ರೀಲು ಬಿಚ್ಚುತ್ತಲೇ ಇತ್ತು. ಮೀನು ಒದ್ದಾಡಿದರೆ ದಾರ ನಡುಗುತ್ತದೆ. ಇದು ನಡುಗಲಿಲ್ಲ, ಒಂದೇ ಸಮ ಹೋಗುತ್ತಿತ್ತು. ಗನಿಯ ಅಂಗಾಲಿನ ಕೆಳಗೆ ಮಣ್ಣಿನೊಳಗೆ ಏನೋ ಗೊರಗುಟ್ಟುತ್ತಿತ್ತು. ಅವನು ಒಡ್ಡನ್ನು ದಾಟಿ ಆಚೆ ಬಗ್ಗಿ ನೋಡಿದ.

ಕೆಳಗೆ ಲಕ್ಕಿ ಗಿಡಗಳ ನಡುವೆ ಕೆಂಪು ನೀರು ಬುಗ್ಗೆಯಾಗಿ ಉಕ್ಕುತ್ತಿತ್ತು. ಅದರ ಮೇಲೆ ಅವನೇ ಕಟ್ಟಿದ ಪುಕ್ಕ ಕುಣಿಯುತ್ತಿತ್ತು. ಹಿಂದೆ ದಾರ.

"ಕಾಕಾ, ಮ್ಯಾಲೆ ಬರ್ರಿ! ಒಡ್ಡು ತೂತ ಬಿದ್ದೈತಿ!"

ಹೊಳೆಪ್ಪ ಆಗಲೇ ಸೊಂಟದ ತನಕ ನೀರಿನಲ್ಲಿದ್ದ. ಅವನ ಬಲಗಾಲನ್ನು ಕಲ್ಲುಸಂದಿಯ ತೂತು ತೊಡೆಯವರೆಗೆ ಎಳೆದುಕೊಂಡಿತ್ತು. ಗನಿ ರಟ್ಟೆ ಹಿಡಿದು ಜಗ್ಗಿದ. ಕಾಲು ಅಲುಗಲಿಲ್ಲ.

"ಬಿಡು. ಆ ಕಡೆ ನೀರ ಹ್ಯಾಂಗ ಐತಿ ನೋಡಿ ಬಾ."

ಗನಿ ನೋಡಿ ಬಂದ. ಬುಗ್ಗೆ ತಗ್ಗಿತ್ತು.

ಹೊಳೆಪ್ಪ ಅರೆಗಳಿಗೆ ಕಣ್ಣು ಮುಚ್ಚಿದ. "ಹಂಗಾರ ನನ್ನ ಕಾಲ ಇದರಾಗ ಇರೂತನಕ ತಡೀತೈತಿ. ಓಣಿ ಖಾಲಿ ಮಾಡಸು. ಆಮ್ಯಾಲ ಹಗ್ಗ ತಗೊಂಡ ಬಾ. ಓಡು!"

ಗನಿ ಕೂಗುತ್ತ ಓಣಿಗೆ ಇಳಿದ. ಜನ ಮಕ್ಕಳನ್ನು ಎತ್ತಿಕೊಂಡು, ದನಗಳ ಕಣ್ಣಿ ಬಿಚ್ಚಿ ದಿನ್ನೆಯ ಕಡೆ ಓಡಿದರು. ರೇವವ್ವ ಅವನ ಅಂಗಿ ಹಿಡಿದು ನಿಲ್ಲಿಸಿದಳು.

"ಅವರು ಎಲ್ಲದಾರ?"

ಗನಿ ಇದ್ದದ್ದನ್ನು ಹೇಳಿದ. ಅವಳು ಅಳಲಿಲ್ಲ. ಎಮ್ಮೆಯನ್ನು ಹೊಡೆದಟ್ಟಿ, ಬಾವಿಯ ಹಗ್ಗ ಹೆಗಲಿಗೆ ಹಾಕಿಕೊಂಡು ಒಡ್ಡು ಹತ್ತಿದಳು. ಗನಿ ಹಿಂದೆಯೇ ಓಡಿದ.

ಹಗ್ಗ ಕಂಕುಳಿಗೆ ಬಿಗಿದರೂ ಹೊಳೆಪ್ಪ ಎಳೆಯಗೊಡಲಿಲ್ಲ. ಅವನ ತುಟಿ ನೀಲಿಯಾಗಿತ್ತು. "ಕುಂಟ ಮಲಿಕಸಾಬ ಹೊರಗ ಬಂದನೇನು?"

ರೇವವ್ವ ತಿರುಗಿ ನೋಡಿದಳು. ಮುದುಕ ಮಲಿಕಸಾಬನನ್ನು ಯಾರೋ ಬೆನ್ನ ಮೇಲೆ ಹೊತ್ತು ದಿನ್ನೆ ಏರುತ್ತಿದ್ದರು. "ಬಂದ. ಎಲ್ಲಾರೂ ಬಂದರು."

"ಜಗ್ರಿ ಇನ್ನ."

ಇಬ್ಬರೂ ಜಗ್ಗಿದರು. ಎಲುಬು ಮುರಿದ ಸದ್ದು ಗನಿಗೆ ಕೇಳಿಸಿತು. ಹೊಳೆಪ್ಪ ಚೀರಿದ, ಕಾಲು ಹೊರಗೆ ಬಂತು. ಅವನನ್ನು ಒಡ್ಡಿನ ಕೊನೆಯ ಗಟ್ಟಿ ನೆಲಕ್ಕೆ ಎಳೆದೊಯ್ಯುವಷ್ಟರಲ್ಲಿ ಹಿಂದೆ ಮಣ್ಣು ಕುಸಿಯಿತು. ಕೆರೆ ಓಣಿಯ ಮೇಲೆ ಹೋಯಿತು. ಮನೆಗಳು ಒಂದೊಂದಾಗಿ ಕೂತವು.

ಹೊಳೆಪ್ಪ ಉಳಿದ. ಕಾಲು ಉಳಿಯಲಿಲ್ಲ. ಹುಬ್ಬಳ್ಳಿಯ ದವಾಖಾನೆಯಲ್ಲಿ ಮೊಣಕಾಲಿನ ಮೇಲಕ್ಕೆ ತೆಗೆದರು. ಓಣಿ ದಿನ್ನೆಯ ಮೇಲೆ ಮತ್ತೆ ಕಟ್ಟಿಕೊಂಡಿತು. ಗನಿ ಶುಕ್ರವಾರ ಬರುವುದನ್ನು ಬಿಡಲಿಲ್ಲ, ಆದರೆ ಮೀನಿನ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಹೊಸ ಒಡ್ಡು ಎದ್ದು ಕೆರೆ ತುಂಬಿದ ವರ್ಷ ಊರವರು ಹೊಳೆಪ್ಪನನ್ನು ಗಾಡಿಯಲ್ಲಿ ಕೂರಿಸಿ ನೀರು ತೋರಿಸಲು ಕರೆದೊಯ್ದರು. ಗನಿಯೂ ಜೊತೆಗಿದ್ದ. ಹೊಳೆಪ್ಪ ಗಾಡಿಯಿಂದ ಇಳಿಯಲೊಲ್ಲದೆ ಕೂತ.

"ಗನೀ, ನೀ ಒಬ್ಬನ ಹೋಗು. ಆಚಿ ಬಾಜು ಬುಡದಾಗ ಮಣ್ಣ ಒಣಗಿ ಐತೋ ಹಸಿ ಐತೋ, ಕೈಲೆ ಮುಟ್ಟಿ ನೋಡಿ ಬಾ."