ಮೈನೋ ಹೇಳಿದ ಅರ್ಥ

“ಬಾಯಲ್ಲಿ ಜಲ್ಲಿ ತುಂಬ್ಕೊಂಡಿದೀಯೇನೇ? ಓದೇ. ಮಿಷನ್ ಸ್ಕೂಲಲ್ಲಿ ಹತ್ತು ವರ್ಷ ಸಗಣಿ ಬಾಚ್ತಿದ್ಯಾ?”

ಕಲ್ಲು ಕ್ರಷರಿನ ಲೆಕ್ಕ ನೋಡುವ ಮುನ್ಶಿ ಭಗೀರಥ ಊರಿನ ಹೊಲಗಳ ಕಾಗದವನ್ನು ಮೈನೋ ಕಿಸ್ಕುವಿನ ಮುಖಕ್ಕೆ ಹಿಡಿದ. ಅವಳ ತಲೆಯ ಮೇಲಿನ ಕಲ್ಲಿನ ಬುಟ್ಟಿ ಇಳಿಸಲೂ ಅವನು ಬಿಟ್ಟಿರಲಿಲ್ಲ. ಊರಿನ ಹನ್ನೆರಡು ಸಂತಾಲ ರೈತರು ಅವಳ ಬಾಯನ್ನೇ ನೋಡುತ್ತಿದ್ದರು. ಅವಳನ್ನು ಸಾಕಿದ ದೊಡ್ಡಪ್ಪ ದಸ್ಮತ್ ಎಲ್ಲರಿಗಿಂತ ಮುಂದೆ ಇದ್ದ. ಊರಲ್ಲಿ ಇಂಗ್ಲಿಷ್ ಓದಬಲ್ಲವಳು ಅವಳೊಬ್ಬಳೇ; ಅವಳು ಅರ್ಥ ಹೇಳದೆ ಯಾರೂ ಹೆಬ್ಬೆಟ್ಟೊತ್ತುತ್ತಿರಲಿಲ್ಲ.

ಎಲ್ಲ ತಿಳಿಯಿತು, ಒಂದು ಪದ ಬಿಟ್ಟು. ರಿಲಿಂಕ್ವಿಶ್.

“ಗೊತ್ತಿಲ್ಲ ಅನ್ನು,” ಮುನ್ಶಿ ನಕ್ಕ. “ನಮ್ಮನೆ ಎಮ್ಮೆನೂ ಅಷ್ಟೇ ಓದಿರೋದು.”

“ಗೊತ್ತು,” ಎಂದಳು ಮೈನೋ. “ಗುತ್ತಿಗೆಗೆ ಕೊಡೋದು ಅಂತ. ಮೂರು ವರ್ಷಕ್ಕೆ.”

ಮುನ್ಶಿ ಅವಳನ್ನು ತಿದ್ದಲಿಲ್ಲ. ದಸ್ಮತ್ ಹೆಬ್ಬೆಟ್ಟೊತ್ತಿದ. ಉಳಿದ ಹನ್ನೊಂದು ಮಂದಿಯೂ ಒತ್ತಿದರು.

ಭಾನುವಾರ ಅವಳು ಹೋಗಿ ಆ ಪದ ಕೇಳಿದಾಗ ಮಿಷನ್ ಶಾಲೆಯ ಸಿಸ್ಟರ್ ನಿಘಂಟು ತೆಗೆದರು. ಮೊದಲ ಅರ್ಥ, ಹಿಡಿದದ್ದನ್ನು ಕೈಬಿಡುವುದು. ಎರಡನೆಯದು, ತನ್ನ ಹಕ್ಕನ್ನು ತಾನೇ ಬಿಟ್ಟುಕೊಡುವುದು.

“ರಾಜ ಸಿಂಹಾಸನ ರಿಲಿಂಕ್ವಿಶ್ ಮಾಡಿದ ಅಂತ ಬರೀಬಹುದು. ಕಿತ್ಕೊಂಡ್ರೆ ಈ ಪದ ಬರಲ್ಲ. ಕೊಡೋನಿಗೆ ಮನಸ್ಸಿರ್ಬೇಕು. ಯಾಕಮ್ಮ, ಪರೀಕ್ಷೆ ಕಟ್ಟಿದೀಯಾ?”

“ಹೂಂ,” ಎಂದು ಸುಳ್ಳು ಹೇಳಿದಳು.

ಒಂಬತ್ತು ದಿನ ಯಾರಿಗೂ ಬಾಯಿ ಬಿಡಲಿಲ್ಲ. “ಗುತ್ತಿಗೆ ಮುಗಿದ್ಮೇಲೆ ಆ ಮೇಲಿನ ಹೊಲಕ್ಕೆ ಜೋಳ ಹಾಕೋಣ ಕಣ್ ಮಗಾ,” ಎಂದು ದೊಡ್ಡಪ್ಪ ಅವಳ ತಟ್ಟೆಗೆ ಅನ್ನ ಬಡಿಸಿದ. ಹತ್ತನೆಯ ದಿನ ಕ್ರಷರಿನವರ ನೆಲ ಅಗೆಯುವ ಯಂತ್ರ ಬಂದು ಹೊಲದಂಚಿನ ಸಾಲ್ ಮರಗಳನ್ನು ಉರುಳಿಸಿತು. ರೈತರು ಜಮೀನಿನ ದಾಖಲೆ ಇಡುವ ಅಂಚಲ ಕಚೇರಿಗೆ ಓಡಿದರು.

“ನೀವೇ ರಿಲಿಂಕ್ವಿಶ್ ಮಾಡಿದೀರಲ್ಲ,” ಅಧಿಕಾರಿ ಕಾಗದ ತಟ್ಟಿದ. “ಈಗ ಇಲ್ಲಿ ಬಂದು ಅತ್ರೆ?”

ಮೈನೋ ಮುಂದೆ ಬಂದಳು.

“ಸಾಹೇಬ್ರೇ, ಅದರ ಅರ್ಥ ಇವ್ರಿಗೆ ಹೇಳಿದೋಳು ನಾನು. ನಂಗೇ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚ್ಕೆ ಆಯ್ತು, ಮೂರು ವರ್ಷದ ಗುತ್ತಿಗೆ ಅಂದ್ಬಿಟ್ಟೆ. ಆಮೇಲೆ ಗೊತ್ತಾದ್ರೂ ಮುಚ್ಚಿಟ್ಟೆ. ಮನಸ್ಸಿದ್ದು ಕೊಟ್ರೆ ಮಾತ್ರ ಆ ಪದ ಬರುತ್ತೆ. ಇವ್ರು ಕೊಟ್ಟಿಲ್ಲ. ನಾನು ಹೇಳಿದ್ದನ್ನ ಹಂಗೇ ಬರ್ಕೊಳ್ಳಿ.”

“ಬೋಳಿಮುಂಡೆ, ಎಲ್ಲಿ ಬಾಯಿ ಬಿಡ್ತೀಯ,” ಎಂದು ಅಧಿಕಾರಿಯ ಪಕ್ಕ ಕೂತಿದ್ದ ಮುನ್ಶಿ ಎದ್ದ. ಕಚೇರಿಯ ಗುಮಾಸ್ತ ಏನೂ ಬರೆದುಕೊಳ್ಳದೆ ಪೆನ್ನಿನ ಮುಚ್ಚಳ ಹಾಕಿದ. ದಸ್ಮತ್ ಅವಳನ್ನು ಒಮ್ಮೆ ನೋಡಿ ಹೊರಗೆ ಹೋದ.

ಮರುದಿನ ಬೆಳಿಗ್ಗೆ ಹನ್ನೆರಡೂ ಮನೆಯವರು ಮೇಲಿನ ಹೊಲದಲ್ಲಿ ಯಂತ್ರಕ್ಕೆ ಅಡ್ಡ ಕೂತಿದ್ದರು. ಮೈನೋ ಹೋದಳು. ಬಾ ಎಂದು ಯಾರೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಸಾಲಿನಲ್ಲಿ ಯಾರೂ ಸರಿದು ಜಾಗ ಕೊಡಲಿಲ್ಲ. ಅವಳು ಎಲ್ಲರಿಗಿಂತ ಒಂದು ಮಾರು ಮುಂದೆ, ಯಂತ್ರದ ಹಲ್ಲುಗಳ ಕೆಳಗೇ ಕೂತಳು.

ಡ್ರೈವರ್ ಬೀಡಿ ಎಸೆದು ಎಂಜಿನ್ ಚಾಲೂ ಮಾಡಿದ.