ಗೊಂಬೆಗೆ ಚಪ್ಪಾಳೆ

"ಇವಳನ್ನ ಇನ್ಮೇಲೆ ಎಡಗಡೆ ಗೋಡೆ ಪಕ್ಕ ಕೂರಿಸಿ ಮಿಸ್. ಎಡಗಿವಿ ಹೋಯ್ತು. ಬಲಗಿವಿ ಅರ್ಧಂಬರ್ಧ ಕೇಳುತ್ತಂತೆ."

ತರಗತಿಯ ಬಾಗಿಲಲ್ಲಿ ನಿಂತು ತಾಯಿ ಹೇಳಿದಳು. ಬಟ್ಟೆ ಹೊಲಿಯುವವಳು, ಭುಜದ ಮೇಲೆ ನೀಲಿ ದಾರದ ಚೂರೊಂದು ಅಂಟಿಕೊಂಡಿತ್ತು. ಮಗಳು ಅವಳ ಬೆನ್ನಿಗೆ ಒತ್ತಿಕೊಂಡು ನಿಂತಿದ್ದಳು. ಟೀಚರು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟಳು.

"ಏನಾಯ್ತಮ್ಮಾ?"

"ಒಳಗೆ ಕೀವು ತುಂಬಿತ್ತಂತೆ. ತುಂಬಾ ದಿನದಿಂದ ನೋಯ್ತಿದ್ದಿರಬೇಕು ಅಂದ್ರು ಡಾಕ್ಟ್ರು. ಹತ್ತಿ ತುರುಕ್ಕೊಂಡು ಕೂದಲು ಮುಂದಕ್ಕೆ ಬಿಟ್ಕೊಂಡಿದ್ಲು ನೋಡಿ. ನಾನೋ, ಮಿಷನ್ ಮುಂದೆ ಕೂತ್ರೆ ಲೋಕಾನೇ ಮರೀತೀನಿ. ಜ್ವರ ಬಂದು ಬಿದ್ದಾಗಲೇ ಗೊತ್ತಾಗಿದ್ದು. ಯಾಕೆ ಹೇಳ್ಲಿಲ್ವೇ ಅಂದ್ರೆ, ಮಿಸ್‌ಗೆ ಬೇಜಾರಾಗುತ್ತೆ ಅಂತಾಳೆ. ನಿಮ್ಮನ್ನ ಕಂಡ್ರೆ ಅಷ್ಟು ಪ್ರೀತಿ."

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಟೀಚರಿಗೆ ಎಷ್ಟೋ ಹಗುರವಾಗುತ್ತಿತ್ತು.

ವರ್ಷದ ಆರಂಭದಲ್ಲಿ ಆ ತರಗತಿ ಶುದ್ಧ ಸಂತೆ. ಹಿಂದಿನ ಮೇಷ್ಟ್ರು ಗದರಿ ಗದರಿ ಗಂಟಲು ಕೆಡಿಸಿಕೊಂಡು ಹೋಗಿದ್ದರು. ಈಕೆ ಗದರಲಿಲ್ಲ. ಒಳ್ಳೆಯದು ಕಂಡಲ್ಲಿ ಬಾಯಿತುಂಬ ಹೊಗಳಿದಳು. ಪೆನ್ಸಿಲ್ ಹಂಚಿಕೊಂಡವನಿಗೆ ಶಹಬ್ಬಾಸ್, ಸಾಲಾಗಿ ನಿಂತವರಿಗೆ ಚಪ್ಪಾಳೆ. ಸುಳ್ಳೇಕೆ ಹೇಳಬೇಕು, ಮಕ್ಕಳು ನಿಜಕ್ಕೂ ಬದಲಾದರು. ಹೆಡ್‌ಮೇಷ್ಟ್ರು ಬೇರೆ ಟೀಚರುಗಳನ್ನು ಕರೆತಂದು ಕಿಟಕಿಯಿಂದ ತೋರಿಸುತ್ತಿದ್ದರು.

ಹೊಗಳಲು ಅತಿ ಸುಲಭವಾಗಿ ಕೈಗೆ ಸಿಗುತ್ತಿದ್ದವಳು ಈ ಹುಡುಗಿ. ಅಲುಗಾಡದೆ ಕೂರುತ್ತಾಳೆಂದು ಮಕ್ಕಳೇ ಅವಳಿಗೆ ಗೊಂಬೆ ಎಂದು ಹೆಸರಿಟ್ಟಿದ್ದರು. "ಗೊಂಬೆ ಹೇಗೆ ಕೂತಿದ್ದಾಳೆ ನೋಡಿ" ಎಂದರೆ ಸಾಕು, ಗದ್ದಲ ತಟ್ಟನೆ ನಿಲ್ಲುತ್ತಿತ್ತು. ದಿನಕ್ಕೆ ಎಷ್ಟು ಸಲ ಹಾಗೆನ್ನುತ್ತಿದ್ದಳೋ, ಟೀಚರಿಗೇ ಲೆಕ್ಕವಿಲ್ಲ.

ಒಂದು ಮಧ್ಯಾಹ್ನ ಹೊಟ್ಟೆನೋವೆಂದು ಯಾರೋ ರಾಗ ತೆಗೆದಿದ್ದರು. "ಗೊಂಬೆ ಯಾವತ್ತಾದ್ರೂ ಅತ್ತಿದ್ದಾಳಾ? ಎಂಥ ಗಟ್ಟಿಗಿತ್ತಿ. ಹೊಡೀರಿ ಚಪ್ಪಾಳೆ" ಎಂದಿದ್ದಳು ಟೀಚರು. ಆ ಚಪ್ಪಾಳೆಯ ನಡುವೆ ಗೊಂಬೆಯ ಕಣ್ಣು ತುಂಬಿ ಬಂದಿತ್ತು. ಹೊಗಳಿಕೆಗೆ ಮಗು ಹೇಗೆ ಕರಗಿತು ಎಂದು ಅಂದು ಸಂಜೆ ಗಂಡನ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಅದು ಕಿವಿಯ ನೋವಿಗೆ ಬಂದ ಕಣ್ಣೀರೆಂದು ಈಗ ಹೊಳೆಯಿತು.

ತಾಯಿ ಹೊರಟುಹೋದ ಮೇಲೆ ಹುಡುಗಿಯನ್ನು ಗೋಡೆಯ ಪಕ್ಕ ಕೂರಿಸಿದಳು. ಅವಳ ಬಲಕ್ಕೆ ನೆಲದ ಮೇಲೆ ಮಂಡಿಯೂರಿದಳು.

"ನೋವಾದ್ರೆ ಹೇಳ್ಬೇಕು ಪುಟ್ಟಿ. ಅಳ್ಬೇಕು. ನಂಗೇನೂ ಬೇಜಾರಿಲ್ಲ."

ಗೊಂಬೆ ಅವಳ ತುಟಿಗಳನ್ನೇ ನೋಡುತ್ತಿದ್ದಳು. ಅರ್ಥ ಮಾಡಿಕೊಳ್ಳಲು ತುಸು ಹೊತ್ತು ಹಿಡಿಯಿತು.

"ಈಗ ನೋವಿಲ್ಲ ಮಿಸ್" ಎಂದಳು. ಆಮೇಲೆ ಗುಟ್ಟು ಹೇಳುವವಳಂತೆ ಮುಂದಕ್ಕೆ ಬಾಗಿದಳು. "ಯಾರ ಗಲಾಟೆನೂ ಕೇಳ್ಸಲ್ಲ. ಇನ್ನೂ ಚೆನ್ನಾಗಿ ಕೂತ್ಕೋತೀನಿ."

ಟೀಚರ ಬೆನ್ನ ಹಿಂದೆ ಮಕ್ಕಳು ಬೆಂಚು ಎಳೆದಾಡುತ್ತಾ ಗದ್ದಲ ಎಬ್ಬಿಸಿದ್ದರು. ಅವರನ್ನು ಸುಮ್ಮನಿರಿಸಲು ಅವಳು ತಿರುಗಲೂ ಇಲ್ಲ. ಗೊಂಬೆ ಎರಡೂ ಕೈಗಳನ್ನು ಡೆಸ್ಕಿನ ಮೇಲೆ ಜೋಡಿಸಿಟ್ಟು, ಬೆನ್ನು ನೆಟ್ಟಗೆ ಮಾಡಿ, ಟೀಚರ ಬಾಯಿಯನ್ನೇ ನೋಡುತ್ತ ಕಾಯತೊಡಗಿದಳು.